ಚೆಂಡು ಹಳದಿ ಅಂದಿದ್ದಳು

ಕಳೆದ ತಿಂಗಳು ಒಂದು ಭಾನುವಾರ ಸಂಜೆ ನಮ್ಮ ಪಕ್ಕದ ಮನೆಯವರು ತಮ್ಮ ಕಲರ್ ಟಿವಿಯನ್ನು ಹಾಲ್‌ನಿಂದ ಹೊತ್ತು ತಂದು ವೆರಾಂಡದಲ್ಲಿಟ್ಟರು. ಅದರ ಮುಖ ಬೀದಿಯ ಕಡೆಗಿರಲಿಲ್ಲ, ನಮ್ಮ ಮನೆಯ ಕಡೆಗಿತ್ತು.

ಅವರ ಮನೆಗೆ ಸುಣ್ಣ ಹೊಡೆಸುತ್ತಿರಲಿಲ್ಲ. ಟಿವಿ ಮಾರಾಟಕ್ಕೂ ಇರಲಿಲ್ಲ. ಒಂದು ಚೆಂಡಿನ ಬಣ್ಣ ಯಾವುದೆಂದು ನಾನು ನೋಡಬೇಕಿತ್ತು, ಅಷ್ಟೇ.

(ಇದೆಂಥ ಹುಚ್ಚು ಅಂತೀರಾ? ತಾಳಿ, ಹೇಳುತ್ತೇನೆ.)

ಕೆಲವು ವಾರ ಅಂಕಣ ಯಾಕೆ ಬರಲಿಲ್ಲ ಎಂದು ನಿಮ್ಮಲ್ಲಿ ಹಲವರು ವಿಚಾರಿಸಿದ್ದೀರಿ. ನನ್ನ ಹೆಂಡತಿ ವನಜಾ ತೀರಿಕೊಂಡಳು. ಬೆಳಿಗ್ಗೆ ಕಾಫಿ ಸೋಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಚೆಂಡಿನ ಬಗ್ಗೆ ಬರೆಯಬಲ್ಲೆ.

ವನಜಾ ಓದಿದ್ದು ಎಸ್ಸೆಸ್ಸೆಲ್ಸಿ. ಕೈಯಲ್ಲಿ ಬ್ಯಾಟು ಹಿಡಿದವಳಲ್ಲ. ಬನಶಂಕರಿಯ ನಮ್ಮ ಮನೆಯಿಂದ ಜಯನಗರ ಕಾಂಪ್ಲೆಕ್ಸ್‌ವರೆಗೆ ನಡೆದರೆ ಅದೇ ಅವಳ ಆಟೋಟ. ಆದರೆ ಪೇಪರ್ ಬಂದರೆ ಮೊದಲು ತಿರುಗಿಸುತ್ತಿದ್ದದ್ದು ಕೊನೆಯ ಪುಟವನ್ನು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ನಾನು ಕಾದಂಬರಿ ತಂದರೆ ಅವಳು ಕ್ರೀಡಾ ಪತ್ರಿಕೆ ತರುತ್ತಿದ್ದಳು. ಅಂಗಡಿಯಿಂದ ಕಡಲೆಬೇಳೆ ಕಟ್ಟಿಕೊಂಡು ಬಂದ ಪೊಟ್ಟಣವನ್ನೂ ಬಿಡುತ್ತಿರಲಿಲ್ಲ. ಬೇಳೆ ಡಬ್ಬಕ್ಕೆ, ಕಾಗದ ಕಣ್ಣಿಗೆ.

ಸ್ಕೋರು, ರೆಕಾರ್ಡು ಅವಳಿಗೆ ಬೇಡ. ಬೇಕಾಗಿದ್ದದ್ದು ಇಂಥವು:

'ಫುಟ್‌ಬಾಲ್ ಚೆಂಡಿಗೆ ಕರಿ ಮಚ್ಚೆ ಯಾಕ್ ಬಂತು ಗೊತ್ತಾ? ಕಪ್ಪುಬಿಳುಪು ಟಿವೀಲಿ ಚೆನ್ನಾಗಿ ಕಾಣ್ಲಿ ಅಂತ.'

'ಇಂಗ್ಲೆಂಡಲ್ಲಿ ಫುಟ್‌ಬಾಲ್ ವಿಶ್ವಕಪ್ಪೇ ಕಳುವಾಗಿತ್ತಂತೆ. ಹುಡುಕಿ ಕೊಟ್ಟಿದ್ದು ಪೊಲೀಸರಲ್ಲ ರೀ, ಒಂದು ನಾಯಿ! ಬೇಲಿ ಕೆಳಗೆ, ಪೇಪರಲ್ಲಿ ಸುತ್ತಿಟ್ಟಿದ್ರಂತೆ.'

'ಆ ಹೀರೋ ಪಿಕ್ಚರಲ್ಲಿ ಕುದುರೆ ಮೇಲೆ ಹಾರ್ತಾನಲ್ಲ, ಅವನಿಗೆ ನಿಜವಾಗ್ಲೂ ಕುದುರೆ ಕಂಡ್ರೆ ಭಯವಂತೆ.'

ಕೊನೆಯದಕ್ಕೆ ಆಧಾರ ಏನೆಂದು ಕೇಳಬೇಡಿ. ನಾನೂ ಕೇಳಲಿಲ್ಲ. ಸಾರು ಬಡಿಸುತ್ತಾ ಇಂಥದ್ದೊಂದು ಹೇಳುವಳು, ನಾನು 'ಹೌದಾ?' ಎನ್ನುವೆ, ಅಷ್ಟಕ್ಕೇ ಇನ್ನೊಂದು ಹೇಳುವಳು. ಮಕ್ಕಳಿಲ್ಲದ ಮನೆಯಲ್ಲಿ ಗಂಡ ಹೆಂಡತಿ ದಿನಾ ಏನು ಮಾತಾಡಬೇಕು? ನಮ್ಮಲ್ಲಿ ಆ ಕಷ್ಟ ಬರಲೇ ಇಲ್ಲ. ಉಪಯೋಗವಿಲ್ಲದ ಸುದ್ದಿ ಎಂದು ಇದಕ್ಕೆ ನಗುವವರು ಇದ್ದಾರೆ. ಊಟ ಮುಗಿದ ಮೇಲೂ ಇಬ್ಬರನ್ನು ಎಲೆಯ ಮುಂದೆ ಕೂರಿಸುವುದಕ್ಕಿಂತ ದೊಡ್ಡ ಉಪಯೋಗ ಯಾವುದೋ ನನಗೆ ತಿಳಿಯದು.

ಹೋಗುವ ಮುಂಚಿನ ವಾರ ಅವಳು ಹೇಳಿದ್ದು ಟೆನಿಸ್ ಚೆಂಡಿನ ವಿಷಯ. ಹೇಳಿದ್ದು ನನಗಲ್ಲ, ಕಾಂಪೌಂಡ್ ಗೋಡೆಯ ಆಚೆಗಿದ್ದ ಶಿವಲಿಂಗಪ್ಪನವರಿಗೆ.

ಶಿವಲಿಂಗಪ್ಪನವರು ತಿಪಟೂರು ಕಡೆಯವರು. ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದಾರೆ. ನಮ್ಮ ಬೀದಿಗೆ ಮೊದಲ ಕಲರ್ ಟಿವಿ ತಂದವರು. ಗೋಡೆಯ ಆಚೆ ಈಚೆ ನಿಂತು ವನಜಳಿಗೂ ಅವರಿಗೂ ವಾದ ನಿತ್ಯದ್ದು.

'ಈ ಸಲ ವಿಂಬಲ್ಡನ್‌ನಲ್ಲಿ ಚೆಂಡು ಹಳದಿ ಶಿವಲಿಂಗಪ್ಪನೋರೆ. ಇಷ್ಟು ವರ್ಷ ಬಿಳಿ ಇತ್ತು. ಟಿವಿ ನೋಡೋರಿಗೆ ಕಾಣ್ಲಿ ಅಂತ ಬದಲಾಯಿಸಿದ್ದಾರೆ.'

'ಅರಿಶಿನ ಹಚ್ಚಿ ಆಡ್ತಾರೇನಮ್ಮಾ? ಚೆಂಡಿಗೆ ಮದುವೆನಾ?'

'ನಗಿ, ನಗಿ. ಫೈನಲ್ ದಿನ ನಿಮ್ಮ ಟಿವೀಲೇ ನೋಡ್ಕೊಳ್ಳಿ.'

'ಬಿಳಿ ಬಟ್ಟೆ ಬಿಟ್ಟು ಬೇರೆ ಹಾಕ್ಕೊಂಡ್ರೆ ಒಳಗೇ ಸೇರಿಸಲ್ಲ ಅಲ್ಲಿ. ಅಂಥವರು ಹಳದಿ ಚೆಂಡಲ್ಲಿ ಆಡ್ತಾರಾ? ಬೇಳೆ ಪೊಟ್ಟಣದಲ್ಲಿ ಓದಿದ್ರಾ ಇದ್ನ?'

ಅದು ನಿಜವೇ. ಓದಿದ್ದು ಬೇಳೆ ಪೊಟ್ಟಣದಲ್ಲೇ. ಅದೂ ಅರ್ಧ ಹರಿದದ್ದು.

ಅದಾದ ಮೇಲೆ ಶಿವಲಿಂಗಪ್ಪನವರು ಗೋಡೆಯ ಬಳಿ ಬಂದಾಗಲೆಲ್ಲ 'ಏನಮ್ಮಾ, ಅರಿಶಿನದ ಚೆಂಡು ಏನಂತೆ?' ಎಂದು ಕೇಳುವರು. ವನಜಾ 'ನೋಡ್ತಿರಿ' ಎಂದು ಒಳಗೆ ಬರುವಳು. ಆಟ ಶುರುವಾದ ವಾರವೇ ಅವಳು ಹೋದಳು.

ಸಾವಿನ ಮನೆಗೆ ಬಂದವರು ದೊಡ್ಡ ದೊಡ್ಡ ಮಾತು ಆಡಿದರು. ಒಳ್ಳೆಯವರೇ, ಒಳ್ಳೆಯ ಮಾತುಗಳೇ. ನಾನು ತಲೆಯಾಡಿಸಿದೆ. ಆದರೆ ನನ್ನ ತಲೆಯೊಳಗೆ ತಿರುಗುತ್ತಿದ್ದದ್ದು ಒಂದೇ: ಆ ಚೆಂಡು ಹಳದಿಯೋ, ಬಿಳಿಯೋ? ಅವಳು ಕೊನೆಯದಾಗಿ ಹೇಳಿದ ಸುದ್ದಿ ಅದು. ಅದು ಸುಳ್ಳಾಗಿ, ಬೀದಿಯವರ ನೆನಪಿನಲ್ಲಿ ನಗೆಯಾಗಿ ಉಳಿದುಬಿಟ್ಟರೆ?

ತಿಳಿದುಕೊಳ್ಳುವುದು ಅಷ್ಟು ಕಷ್ಟವೇ ಎನ್ನಬಹುದು. ನಮ್ಮದು ಕಪ್ಪುಬಿಳುಪು ಟಿವಿ. ಅದರಲ್ಲಿ ಹಳದಿಯೂ ಬಿಳಿಯೂ ಒಂದೇ. ಅದರ ಮೇಲೂ ನಮ್ಮ ಅಕ್ಕ, ಸಾವಿನ ಮನೆಯೆಂದು, ಬಟ್ಟೆ ಹೊದಿಸಿದ್ದರು. ಪೇಪರಿನ ಚಿತ್ರಕ್ಕೂ ಬಣ್ಣವಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಹೆಂಡತಿ ಹೋದ ವಾರದಲ್ಲಿ 'ಟೆನಿಸ್ ಚೆಂಡಿನ ಬಣ್ಣ ಯಾವುದು' ಎಂದು ಯಾವ ಬಾಯಲ್ಲಿ ಕೇಳುವುದು?

ಅಕ್ಕ ಮೈಸೂರಿನಿಂದ ಬಂದಿದ್ದರು. ಶಾಸ್ತ್ರದ ವಿಷಯದಲ್ಲಿ ಖಡಕ್. ವೈಕುಂಠ ಸಮಾರಾಧನೆ ಮುಗಿಯುವ ತನಕ ಸೂತಕ. ನಾನು ಇನ್ನೊಬ್ಬರ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ.

ಫೈನಲ್ ಬಂದದ್ದು ಆ ದಿನಗಳ ನಡುವೆಯೇ. ಮಧ್ಯಾಹ್ನ ಶಿವಲಿಂಗಪ್ಪನವರು ಗೋಡೆಯ ಬಳಿ ಬಂದು ನಿಂತರು. ಬಹಳ ಹೊತ್ತು ತಮ್ಮ ತೆಂಗಿನ ಸಸಿಯನ್ನೇ ನೋಡಿದರು.

'ಸಾರ್, ಇವತ್ತು ಫೈನಲ್ಲು.'

'ಗೊತ್ತು.'

'ನಮ್ಮನೇಗೆ ಬನ್ನಿ. ಆಯಮ್ಮ ಹೇಳಿದ್ದು ನಿಜವೋ ಸುಳ್ಳೋ... ನನಗೂ ನಿದ್ದೆ ಬರ್ತಾ ಇಲ್ಲ ಸಾರ್.'

ನನಗೊಬ್ಬನಿಗೇ ಅಲ್ಲ ಎಂದು ಆಗ ತಿಳಿಯಿತು.

'ಬರೋ ಹಾಗಿಲ್ಲ. ಸೂತಕ.'

'ನಮ್ಮಲ್ಲಿ ಸೂತಕ ಗೀತಕ ಇಲ್ಲ ಸಾರ್. ಲಿಂಗ ಕಟ್ಟಿದೋರಿಗೆ ಅದೆಲ್ಲ ಅಂಟಲ್ಲ. ಬನ್ನಿ.'

ಒಳಗಿನಿಂದ ಅಕ್ಕನ ದನಿ ಬಂತು. 'ನಿಮ್ಮಲ್ಲಿ ಇಲ್ಲದೆ ಇರ್ಬಹುದಪ್ಪಾ. ನಮ್ಮಲ್ಲಿ ಇದೆ.'

ಅವರ ಹೆಂಡತಿ ಗಿರಿಜಕ್ಕ ಆಚೆಯಿಂದಲೇ ಉತ್ತರ ಕೊಟ್ಟರು. 'ಸೂತಕ ಇಲ್ಲ ಅಂತಾರೆ ನೋಡಿ ಅಮ್ಮಾ. ವಾರದಿಂದ ನಮ್ಮನೇಲಿ ಟಿವಿಗೆ ಸೌಂಡೇ ಇಲ್ಲ. ನಿಮಗೆ ಕೇಳಿಸಬಾರದು ಅಂತ ಇವರೇ ಪೂರ್ತಿ ಇಳಿಸಿಬಿಟ್ಟಿದ್ದಾರೆ. ವಾರ್ತೆ ಓದೋಳ ತುಟಿ ನೋಡ್ಕೊಂಡು ಕೂತ್ಕೋತೀವಿ.'

ಶಿವಲಿಂಗಪ್ಪನವರು ಮತ್ತೆ ತೆಂಗಿನ ಸಸಿಯ ಕಡೆ ನೋಡಿದರು. ಸೂತಕವಿದ್ದ ನಾವು ಕಾಫಿ ಲೋಟ ಸದ್ದು ಮಾಡಿಕೊಂಡೇ ಕುಡಿಯುತ್ತಿದ್ದೆವು. ಸೂತಕವಿಲ್ಲದವರು ವಾರದಿಂದ ಮೂಕರಾಗಿದ್ದರು.

ಅಕ್ಕ ಹೊರಗೆ ಬಂದರು. ಗೋಡೆಯನ್ನು ನೋಡಿದರು, ಆಚೆಯ ವೆರಾಂಡವನ್ನು ನೋಡಿದರು, ಕೊನೆಗೆ ತೀರ್ಪು ಕೊಟ್ಟರು. 'ಲೋ ಸೀನ, ಅವರ ಮನೆ ಒಳಗೆ ಹೋಗೋ ಹಾಗಿಲ್ಲ. ನಮ್ಮ ಕಾಂಪೌಂಡಲ್ಲಿ ನಿಂತು ಅಕ್ಕಪಕ್ಕ ನೋಡಬಾರದು ಅಂತ ಯಾರೂ ಹೇಳಿಲ್ಲ.'

ಹಾಗೆ ಟಿವಿ ವೆರಾಂಡಕ್ಕೆ ಬಂತು. ಶಿವಲಿಂಗಪ್ಪನವರ ಬಾಮೈದ ಮಹೇಶ ಆಂಟೆನಾ ವೈರಿಗೆ ಇನ್ನೊಂದು ತುಂಡು ಸೇರಿಸಿ ಕಿಟಕಿಯಿಂದ ಎಳೆದ. ನಾನು, ಅಕ್ಕ ಗೋಡೆಯ ಈಚೆ ಕುರ್ಚಿ ಹಾಕಿಕೊಂಡೆವು. ಗಿರಿಜಕ್ಕ ವಾಲ್ಯೂಮ್ ಸ್ವಲ್ಪ ಏರಿಸಿದರು. ವಾರವಿಡೀ ಮೌನವಾಗಿದ್ದ ಪೆಟ್ಟಿಗೆ ಚಪ್ಪಾಳೆಯ ಸದ್ದು ಮಾಡಿತು.

ಚಿತ್ರ ಬಂತು. ನಮಗೆ ಗಾಬರಿಯಾಯಿತು.

ಹುಲ್ಲು ಗಿಳಿಯ ಬಣ್ಣ. ಆಟಗಾರರ ಮುಖ ಟೊಮ್ಯಾಟೊ. ಬಿಳಿ ಅಂಗಿಗಳು ಗುಲಾಬಿ. ಶಿವಲಿಂಗಪ್ಪನವರು ಕಲರ್ ಗುಂಡಿಯನ್ನು ಸದಾ ಕೊನೆಯ ತನಕ ತಿರುಗಿಸಿಟ್ಟಿರುತ್ತಾರೆ. (ಕಲರ್ ಟಿವಿ ಕೊಂಡವರೆಲ್ಲ ಹೀಗೆಯೇ. ಕಡಿಮೆ ಬಣ್ಣ ಇಟ್ಟರೆ ಕಲರ್ ಟಿವಿ ಅಂತ ಬಂದವರಿಗೆ ಹೇಗೆ ತಿಳಿಯಬೇಕು?)

'ಹಸಿರು ಕಣೋ ಚೆಂಡು,' ಎಂದರು ಅಕ್ಕ.

'ಕಿತ್ತಳೆ ಅಲ್ವಾ?' ಎಂದ ಮಹೇಶ.

'ಬಿಳಿ ಚೆಂಡೇ ಹಿಂಗೆ ಕಾಣ್ತಿದೆ, ಟಿವಿ ದೋಷ,' ಎಂದರು ಶಿವಲಿಂಗಪ್ಪ. ದನಿಯಲ್ಲಿ ಮೊದಲಿನ ಧೈರ್ಯವಿರಲಿಲ್ಲ.

ಗಿರಿಜಕ್ಕ ಎದ್ದರು. 'ಸರೀರಿ ಆಕಡೆ. ಬಣ್ಣ ಇಳಿಸ್ತೀನಿ.'

'ಬೇಡ ಕಣೇ, ಕಲರ್ ಹೋಗಿಬಿಡುತ್ತೆ!'

'ಹೋಗ್ಲಿ ಬಿಡಿ. ಇಷ್ಟು ದಿನ ಸೌಂಡ್ ಹೋಗಿರ್ಲಿಲ್ವಾ?'

ಗುಂಡಿಯನ್ನು ಪೂರ್ತಿ ಇಳಿಸಿದರು. ಎಲ್ಲ ಬೂದಿ ಬಣ್ಣ. ಆಮೇಲೆ ಹಾಲು ಉಕ್ಕದ ಹಾಗೆ ಸ್ಟವ್ ಏರಿಸುವಂತೆ ಮೆಲ್ಲಗೆ ತಿರುಗಿಸಿದರು. ಹುಲ್ಲಿಗೆ ಹಸಿರು ಬಂತು. ಮುಖಗಳು ಮನುಷ್ಯರ ಮುಖಗಳಾದವು. ಅಂಗಿ ಬಿಳಿಯಾಗೇ ಉಳಿಯಿತು. ಹುಲ್ಲಿನ ಮೇಲಿನ ಗೆರೆಯೂ ಬಿಳಿ.

ಒಬ್ಬ ಆಟಗಾರ ಸರ್ವ್ ಮಾಡುವ ಮುಂಚೆ ಚೆಂಡನ್ನು ನೆಲಕ್ಕೆ ಬಡಿಯುತ್ತಾ ನಿಂತ. ಕ್ಯಾಮೆರಾ ಹತ್ತಿರ ಹೋಯಿತು. ಬಿಳಿ ಅಂಗಿಯ ಮುಂದೆ, ಬೆರಳುಗಳ ನಡುವೆ, ಚೆಂಡು.

ಎಲ್ಲರೂ ಕತ್ತು ಮುಂದೆ ಚಾಚಿದೆವು. ಗೋಡೆಯ ಆಚೆಯೂ, ಈಚೆಯೂ.

'ನಿಂಬೆಹಣ್ಣು,' ಎಂದರು ಶಿವಲಿಂಗಪ್ಪ ಮೆಲ್ಲಗೆ. ಆಮೇಲೆ ಜೋರಾಗಿ, 'ನಿಂಬೆಹಣ್ಣು ಸಾರ್ ಅದು! ಹಳದಿ! ಆಯಮ್ಮ ಹೇಳಿದ ಹಾಗೇ ಹಳದಿ!'

ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ಅವಳು ಹೋದ ಮೇಲೆ ಮೊದಲ ಸಲ. ಅಕ್ಕ ನನ್ನ ಕಡೆ ನೋಡಿ ಏನೋ ಹೇಳಲು ಹೊರಟವರು, ಸೆರಗಿನಿಂದ ಕಣ್ಣೊರೆಸಿಕೊಂಡು 'ಎಲ್ಲಿ, ಇನ್ನೊಂದ್ಸಲ ತೋರಿಸ್ತಾರಾ?' ಎಂದರು.

ತೋರಿಸಿದರು. ಪ್ರತಿ ಸರ್ವ್‌ಗೂ ತೋರಿಸಿದರು. ಹೊಡೆತ ಯಾರದು, ಪಾಯಿಂಟ್ ಯಾರಿಗೆ, ನಮಗೆ ಬೇಕಿರಲಿಲ್ಲ. ಚೆಂಡು ಬಂದರೆ ಸಾಕು, ಶಿವಲಿಂಗಪ್ಪನವರು 'ಹಳದಿ!' ಎನ್ನುವರು, ಅಕ್ಕ 'ಹೂಂ, ಹಳದೀನೇ' ಎನ್ನುವರು. ಗೋಡೆಯ ಮೇಲೆ ಗಿರಿಜಕ್ಕ ಒಂದು ತಟ್ಟೆ ಚುರುಮುರಿ ಇಟ್ಟರು. ಅದನ್ನು ತಿನ್ನಬಹುದೇ ಎಂದು ಅಕ್ಕನನ್ನು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ತಟ್ಟೆ ಖಾಲಿಯಾಯಿತು.

ಆಟ ಮುಗಿದಾಗ ಎಷ್ಟು ಗಂಟೆಯೋ, ಬೀದಿ ದೀಪ ಯಾವಾಗ ಹತ್ತಿತೋ, ಗಮನಿಸಲಿಲ್ಲ. ಮನಸ್ಸು ಹಗುರವಾಗಿತ್ತು. ಮಹೇಶ ವೈರು ಸುತ್ತುತ್ತಿದ್ದ. ಅಷ್ಟರಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದವರೊಬ್ಬರು ವೆರಾಂಡದ ಟಿವಿ ಕಂಡು ಗೇಟಿನ ಬಳಿ ನಿಲ್ಲಿಸಿದರು. ಕುಮಾರಸ್ವಾಮಿ ಲೇಔಟ್ ಕಡೆಗೆ ಮನೆಗೆ ಹೊರಟವರಿರಬೇಕು, ಮ್ಯಾಚ್ ತಪ್ಪಿಸಿಕೊಂಡ ಸಂಕಟ ಮುಖದಲ್ಲೇ ಇತ್ತು.

'ಸಾರ್, ಫೈನಲ್ ಮುಗೀತಾ? ಯಾರು ಗೆದ್ರು?'

ಶಿವಲಿಂಗಪ್ಪನವರು ನನ್ನ ಕಡೆ ನೋಡಿದರು. ನಾನು ಅಕ್ಕನ ಕಡೆ ನೋಡಿದೆ. ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

'ವನಜಮ್ಮ,' ಎಂದರು ಶಿವಲಿಂಗಪ್ಪ.

ಸ್ಕೂಟರಿನವರು ತಬ್ಬಿಬ್ಬಾದರು. 'ಇವತ್ತು ಗಂಡಸರ ಫೈನಲ್ ಅಲ್ವಾ ಸಾರ್?'

'ಹೌದು. ಆದ್ರೂ ಗೆದ್ದಿದ್ದು ವನಜಮ್ಮನೇ.'