ಡಿಕ್ಕಿಯಲ್ಲಿದ್ದ ಕಟ್ಟಿಗೆ

ಪರದೇಶದ ನ್ಯೂಮಾರ್ಕೆಟ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಕಾಡಿನ ವಿಜ್ಞಾನಿ, ಧಾರವಾಡದ ಕಡೆಯವರು. ನಾವೆಲ್ಲ ಕಾಡು ಸುತ್ತಿ ಬಂದಮೇಲೆ ಬೂಟು ಉಜ್ಜಿದರೆ, ಅವರು ಕಾಡಿಗೆ ಕಾಲಿಡುವ ಮುಂಚೆಯೇ ಹಳೇ ಬ್ರಶ್ಶಿನಿಂದ ಉಜ್ಜಿಕೊಳ್ಳುತ್ತಿದ್ದರು. ಕೇಳಿದರೆ, "ಇಲ್ಲಿಂದು ಇಲ್ಲೇ ಇರ್ಲಿ ಬಿಡ್ರಿ" ಎನ್ನುತ್ತಿದ್ದರು.

ಹುಳ ಕೊರೆದು ಒಣಗಿದ್ದ ನಮ್ಮ ಹಿತ್ತಲಿನ ಆ್ಯಶ್ ಮರವನ್ನು ಕಡಿಸಿದ ವಾರ, ಕ್ಯಾಂಪಿಂಗಿಗೆಂದು ಅದರ ಕಟ್ಟಿಗೆಯನ್ನು ಕಾರಿನ ಡಿಕ್ಕಿಗೆ ತುಂಬಿದ್ದೆ. ಅವರು ನೋಡಿ, ಅದೇ ಮಾತು ಹೇಳುತ್ತ ಒಂದೊಂದೇ ತುಂಡು ಇಳಿಸತೊಡಗಿದರು.

"ಬೆಂಕಿಗೆ ಹಾಕೋದೇ ಅಲ್ವಾ ಸರ್?" ಎಂದೆ.

"ನೀವು ಬೆಂಕಿ ಹಚ್ಚೂದ್ರೊಳಗ ಹುಳ ಹಾರಿ ಹೋಗಿರ್ತಾವ್ರಿ. ಈ ದೇಶಕ್ಕ ಬಂದ ಹೊಸದಾಗಿ ನಾನೂ ಹಿಂಗ ಒಯ್ದಿದ್ದೆ, ನಾ ಕೆಲಸ ಮಾಡೋ ಕಾಡಿಗೇ."

"ಆಮೇಲೆ?"

ಅವರು ಕೊನೆಯ ತುಂಡನ್ನೂ ಇಳಿಸಿ ಅಂಗೈ ಕೊಡವಿಕೊಂಡರು.

"ಈಗ ಅಲ್ಲಿ ಸತ್ತ ಆ್ಯಶ್ ಗಿಡ ಎಣಸೂದೇ ನನ್ನ ಕೆಲಸ ಆಗೇದ್ರಿ."