ಕುಬಸದ ಮನೆಯಲ್ಲಿ ನಿಂತುಹೋದ ಹಾಡು

ನಾನು ಬರೆದ ಮೊದಲ ಹಾಡು ಅರ್ಧಕ್ಕೇ ನಿಂತಿತು. ನಿಲ್ಲಿಸಿದವಳು ಬೇರೆ ಯಾರೂ ಅಲ್ಲ, ಯಾರ ಸಲುವಾಗಿ ಬರೆದಿದ್ದೆನೋ ಅವಳೇ.

ನನಗೆ ಎರಡು ಹುಚ್ಚು. ಒಂದು, ಅವ್ವ ಹಾಡುತ್ತಿದ್ದ ಸೋಬಾನೆ. ಇನ್ನೊಂದು, ರ‍್ಯಾಪ್. (ನಗಬೇಡಿ. ಐವತ್ತು ದಾಟಿದವರೂ ಇಯರ್‌ಫೋನ್ ಹಾಕಿಕೊಳ್ಳಬಹುದು.) ಬನಹಟ್ಟಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಪವರ್‌ಲೂಮಿನ ಖಟಪಟ. ಒಂದು ದಿನ ಅದರ ತಾಳಕ್ಕೆ ಸೋಬಾನೆ ಗುನುಗುತ್ತ, ನಡುವೆ ನಾಲ್ಕು ಮಾತು ಪಟಪಟ ಅಂದೆ. ಛಲೋ ಕೂಡಿತು. ಎರಡನ್ನೂ ಸೇರಿಸಿ ಒಂದು ಹಾಡು ಯಾಕಾಗಬಾರದು?

ನೆಪವೂ ಸಿಕ್ಕಿತು. ನನ್ನ ಅಕ್ಕನ ಮಗಳು ವಿದ್ಯಾಳ ಕುಬಸ, ಅಂದರೆ ಸೀಮಂತ, ಮುಧೋಳದ ಅವಳ ಅತ್ತೆಮನೆಯಲ್ಲಿ. ಸೋಬಾನೆಯಲ್ಲಿ ಬಸುರಿಯ ಬಯಕೆ, ಹಸಿರು ಬಳೆ. ರ‍್ಯಾಪಿನಲ್ಲಿ ಹೊಟ್ಟೆಯೊಳಗಿನ ಕೂಸಿನ ಮಾತು. ಸ್ವಲ್ಪ ತಲೆಹರಟೆ ಕೂಸು.

ಕ್ರೂಸರ್ ಗಾಡಿ ತುಂಬ ಬುತ್ತಿ ಹೇರಿಕೊಂಡು ಹೋದೆವು. ವಿದ್ಯಾ ಹಸಿರು ಸೀರೆಯಲ್ಲಿ, ತಲೆತುಂಬ ಹೂವಿಟ್ಟುಕೊಂಡು ಕೂತಿದ್ದಳು. ನಾನು ಸೋಬಾನೆ ಎತ್ತಿದೆ. ಹೆಂಗಸರು ದನಿಗೂಡಿಸಿದರು. ಆಮೇಲೆ ಚಪ್ಪಾಳೆ ಹಾಕಿಸಿ ಕೂಸಾದೆ:

‘ಒಳಗಿಂದ ಕೇಳಾಕತ್ತೀನಿ, ಯಾರ ಮನಿ ಇದು?
ಗಂಡಾದ್ರ ಪೇಢೆ, ಹೆಣ್ಣಾದ್ರ ಏನದು?
ಬಾಗಲಾ ಬಡೀತೀನಿ, ನಾ ಹುಡುಗಿ ಅದೀನಿ
ತಗೀತೀರೋ ಇಲ್ಲೋ ಹೇಳ್ರಿ, ಕಾಯಾಕತ್ತೀನಿ!’

ಹುಡುಗಿಯರು ಸಿಳ್ಳೆ ಹೊಡೆದರು. ನಾನು ಉಬ್ಬಿದೆ. ಅದೇ ಸಾಲುಗಳನ್ನು ಮತ್ತೆ ಎತ್ತಬೇಕು, ಅಷ್ಟರಲ್ಲಿ ವಿದ್ಯಾ ಕೈ ಎತ್ತಿದಳು.

“ಚಿಗವ್ವಾ, ನಿಂದರಸು.”

ನಾಚಿಕೊಂಡಳು ಅಂದುಕೊಂಡೆ.

“ಹ್ವಾದ ವರ್ಷ ಒಬ್ಬಾಕಿ ಹಿಂಗ ಕೇಳಿದ್ಲು,” ಅಂದಳು. ಅಳಲಿಲ್ಲ. ದನಿಯನ್ನೂ ಏರಿಸಲಿಲ್ಲ. “ನಾವು ಬಾಗಲಾ ತಗೀಲಿಲ್ಲ.”

ಚಪ್ಪಾಳೆಗಳು ಒಂದೊಂದಾಗಿ ನಿಂತವು. ಹಿಂದೆ ಕೂತಿದ್ದ ಯಾರೋ ಪಕ್ಕದವಳನ್ನು “ಏನಂದ್ಲು?” ಅಂತ ಕೇಳಿದ್ದು ಇಡೀ ಪಡಸಾಲೆಗೆ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ವಿದ್ಯಾಳ ಗಂಡ ಸಂಗಮೇಶ ತಲೆ ತಗ್ಗಿಸಿ ಅಂಗಳಕ್ಕೆ ಇಳಿದುಹೋದ. ಅವಳ ಅತ್ತೆ ಆರತಿ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತರು. ಹೋದ ವರ್ಷ ‘ಹೊಟ್ಟೀಲಿದ್ಲು, ನಿಲ್ಲಲಿಲ್ಲ’ ಅಂತ ನಮಗೆಲ್ಲ ಹೇಳಿದ್ದರು. ಹಣ್ಣು ತಗೊಂಡು ಹೋಗಿ ಸಮಾಧಾನ ಮಾಡಿ ಬಂದವಳು ನಾನೇ.

ಹಾಡಿಲ್ಲದೆ ಆರತಿ ಮುಗಿಯಿತು. ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬಾಣಂತನಕ್ಕೆ ವಿದ್ಯಾಳನ್ನು ಕರೆದುಕೊಂಡು ನಾವು ಹೊರಟೆವು.

ಗಾಡಿ ಮಹಾಲಿಂಗಪುರ ದಾಟಿತು. ಆಮೇಲೆ ನಾನೇ ಅಕ್ಕನ ಕಡೆ ತಿರುಗಿದೆ. “ನಿನಗ ಗೊತ್ತಿತ್ತೇನ?”

ಅಕ್ಕ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು.

“ಅವ್ವನ್ನ ಯಾಕ ಕೇಳ್ತಿ?” ಅಂದಳು ವಿದ್ಯಾ, ಕಿಟಕಿಯಿಂದ ಮುಖ ತಿರುಗಿಸದೆ. “ದವಾಖಾನಿಗೆ ನನ್ನ ಕೈ ಹಿಡಕೊಂಡು ಹ್ವಾದಾಕಿನೇ ಆಕಿ.”

ನಾನು ಎರಡನೇ ಸಲ ಬೆಚ್ಚಿದೆ. ಈ ಅಕ್ಕ ನನಗೆ ಜಡೆ ಹೆಣೆದವಳು. ನಾನು ಕಾಲೇಜಿಗೆ ಹೋಗಬೇಕು ಅಂತ ಅಪ್ಪನ ಹತ್ತಿರ ಜಗಳ ತೆಗೆದವಳು. ಯಾವ ಅತ್ತೆಯ, ಯಾವ ಅಳಿಯನ ಮೇಲೆ ಅಂತ ಸಿಟ್ಟಾಗಲಿ?

“ಮನಿ ಉಳೀಲಿ ಅಂತ ಹೋದ್ನವಾ,” ಅಂದಳು ಅಕ್ಕ.

ವಿದ್ಯಾ ಈಗ ನಮ್ಮೂರಲ್ಲೇ ಇದ್ದಾಳೆ. ಸಂಗಮೇಶ ಬಂದಿದ್ದ. ಅಳುತ್ತ ಕೂತ. “ಕೂಸು ಬರಲಿ. ಯಾವುದಾದ್ರೂ ಬರಲಿ. ತಿರುಗಿ ಬರೋದೋ ಬಿಡೋದೋ ಆಮ್ಯಾಲೆ ನಾ ಹೇಳ್ತೀನಿ,” ಅಂದು ವಿದ್ಯಾ ಅವನನ್ನು ಕಳಿಸಿದಳು. ಹಾಡಿನ ಆ ಸಾಲು ತೆಗೆಯಲೇನು ಅಂತ ಕೇಳಿದೆ. ಬ್ಯಾಡ ಅಂದಳು.

ಆದರೆ ನನ್ನ ಫೋನು ಇನ್ನೂ ನಿಂತಿಲ್ಲ. ಅವಳ ಅತ್ತೆ, ಬೀಗರು, ನಮ್ಮ ಓಣಿಯವರು ಎಲ್ಲರದೂ ಒಂದೇ ತಕರಾರು: “ಛಲೋ ಕಾರ್ಯದಾಗ ಅಂಥಾ ಸಾಲು ಯಾಕ ಬರದ್ರಿ?”

ಬರೆದದ್ದು ಯಾಕೆ ಅಂತ ಇಷ್ಟು ಜನ ಕೇಳಿದರಲ್ಲ, ಮಾಡಿದ್ದು ಯಾಕೆ ಅಂತ ಒಬ್ಬರಾದರೂ ಕೇಳಿದರೇನು?