ಒರಿಯೆ ಕೀಳಿಸಿದ ಜಿಂಚೋಗೆ

ಕನಜಾವಾ ಊರಿನ ಒರಿಯೆ, ಅತಿಥಿಗಳಿಗೆ ಶಾಸ್ತ್ರೋಕ್ತವಾಗಿ ಚಹಾ ಮಾಡಿಕೊಡುವ ಕಲೆಯನ್ನು ಕಲಿಸುವ ಗುರು. ನಲವತ್ತು ವರ್ಷ ಕಲಿಸಿದ ಮೇಲೂ ಶಿಷ್ಯೆಯೊಬ್ಬಳು ಬಟ್ಟಲನ್ನು ಒಂದಂಗುಲ ಆಚೀಚೆ ಇಟ್ಟರೆ ಬಿಡುವವಳಲ್ಲ. ಚಹಾ ಕೋಣೆಯ ಬಳಿ ಘಮಘಮಿಸುವ ಹೂವು ಸಲ್ಲದು ಎಂಬುದು ಹಿಂದಿನವರ ಕಟ್ಟಳೆ. ಆಕೆಗೆ ಅದು ಶಿಲಾಶಾಸನ.

ಆದರೆ ಮಗಳು ಚಿಕಾಕೊ ಅದೇ ಕೋಣೆಯ ಕಿಟಕಿಯ ಕೆಳಗೆ, ಬಿಸಿಲು ಬೀಳದ ಮೂಲೆಯಲ್ಲಿ, ಜಿಂಚೋಗೆಯ ಕಡ್ಡಿ ನೆಟ್ಟಿದ್ದಳು. ವರ್ಷವಿಡೀ ಹಸಿರಾಗಿರುವ ಗಿಡ. ಮಾರ್ಚ್ ಬಂತೆಂದರೆ ಬೀದಿಗೆಲ್ಲ ಪರಿಮಳ.

"ನನ್ನ ಚಹಾಕ್ಕೆ ಮಣ್ಣು ಹಾಕೋಕೇ ಬೆಳೆಸಿದೀಯ ಇದನ್ನ" ಎಂದು ತಾಯಿ ಗೊಣಗಿದರೆ, "ನಿನ್ನ ಅತಿಥಿಗಳಿಗೂ ಮೂಗಿದೆ ಅಂತ ಗೊತ್ತಾಗ್ಲಿ ಬಿಡಮ್ಮ" ಎಂದು ಮಗಳು ನಗುತ್ತಿದ್ದಳು.

ಅಕ್ಟೋಬರಿನಲ್ಲಿ ಚಿಕಾಕೊ ತೀರಿಕೊಂಡಳು. ಮೂರೇ ತಿಂಗಳ ಕಾಯಿಲೆ, ಮೂವತ್ತೆಂಟರ ವಯಸ್ಸು. ಅವಳ ಕೈ ಬೆಳೆಸಿದ್ದು ಅಂತ ಉಳಿದದ್ದು ಆ ಗಿಡವೊಂದೇ.

ಮಾರ್ಚಿನಲ್ಲಿ ಮಗಳ ನೆನಪಿಗೆ ಚಹಾ ಕೂಟ, ಹಿರಿಯ ಗುರುಗಳು ಬರುವವರು. ಫೆಬ್ರವರಿಗೇ ಗಿಡದ ತುಂಬ ಮೊಗ್ಗು. ಹುಟ್ಟುಗುಣ ಸುಟ್ಟರೂ ಹೋಗದು, ಕಟ್ಟಳೆ ಮೀರಲು ಮನಸ್ಸಾಗಲಿಲ್ಲ. ಒರಿಯೆ ತೋಟಗಾರ ತೊಕುಜಿಗೆ ಹೇಳಿಕಳುಹಿಸಿದಳು.

"ಇದನ್ನ ಹಿತ್ತಲ ಗೋಡೆ ಹತ್ರ ನೆಟ್ಬಿಡಪ್ಪ."

"ಬ್ಯಾಡಿ ಅಮ್ಮಾವ್ರೇ. ಜಿಂಚೋಗೆ ಒಂದ್ಸಲ ಕೂತ್ರೆ ಅಲ್ಲೇ. ಬೇರು ಅಲ್ಲಾಡಿಸಿದ್ರೆ ಸಾಯುತ್ತೆ. ಈ ವರ್ಷದ ಮೊಗ್ಗಷ್ಟೇ ಕತ್ತರಿಸಿಬಿಡೋಣ, ವಾಸನೆ ಇರಲ್ಲ."

"ಅವಳ ಹೂವಿಗೆ ಕತ್ತರಿ ಹಾಕೋದಾ? ನನ್ನ ಕೈಲಾಗಲ್ಲ ಕಣಪ್ಪ. ಮಣ್ಣು ಸಮೇತ ಜೋಪಾನವಾಗಿ ತೆಗಿ."

ಪ್ರೀತಿಯಿಂದಲೇ ಹೇಳಿದ ಮಾತು. ತೊಕುಜಿ ದೊಡ್ಡ ಮಣ್ಣಿನ ಹೆಂಟೆ ಸಹಿತ ಗಿಡ ಎತ್ತಿದ, ಗೊಣಗುತ್ತಲೇ ನೆಟ್ಟ.

ಕೂಟ ಚೆನ್ನಾಗಿಯೇ ನಡೆಯಿತು. "ಕೋಣೆ ಎಷ್ಟು ನಿರ್ಮಲವಾಗಿದೆ!" ಎಂದು ಹಿರಿಯ ಗುರುಗಳು ಹೊಗಳಿದರು. ಒರಿಯೆ ತಲೆಬಾಗಿ ವಂದಿಸಿದಳು. ಆದರೆ ಮಗಳ ಹೆಸರಿನ ಕೂಟದಲ್ಲಿ ಮಗಳದೆನ್ನುವುದು ಏನೂ ಇರಲಿಲ್ಲ. ಹಿತ್ತಲಲ್ಲಿ ಮೊಗ್ಗುಗಳು ಅರಳದೆಯೇ ಕಂದಿದ್ದವು.

ಮೇ ತಿಂಗಳಲ್ಲಿ ತೊಕುಜಿ ಉಗುರಿನಿಂದ ತೊಗಟೆ ಕೆರೆದು ನೋಡಿದ.

"ಒಳಗೂ ಒಣಗಿದೆ ಅಮ್ಮಾವ್ರೇ. ಒಂದು ಹಸಿ ರೆಂಬೆ ಇದ್ದಿದ್ರೂ ಕಡ್ಡಿ ನೆಟ್ಟು ಉಳಿಸ್ತಿದ್ದೆ. ಅವತ್ತು ಮೊಗ್ಗು ಕತ್ತರಿಸಿದ್ದಿದ್ರೆ..." ಎಂದವನು ನಾಲಿಗೆ ಕಚ್ಚಿಕೊಂಡ.

"ಹೇಳಪ್ಪ, ಯಾಕೆ ನಿಲ್ಲಿಸ್ದೆ? ಅವಳನ್ನ ಕಾಯಿಲೆ ಕೊಂಡೊಯ್ತು, ಅದು ನನ್ನ ಕೈಲಿರಲಿಲ್ಲ. ಇದು ನನ್ನ ಕೈಲೇ ಇತ್ತು."

ತೊಕುಜಿ ಸತ್ತ ಗಿಡವನ್ನು ಕೀಳಲು ಗುದ್ದಲಿ ಎತ್ತಿದ. ಒರಿಯೆ ಹಸಿ ನೆಲದಲ್ಲೇ ಕುಸಿದು, ಎರಡೂ ಕೈಯಿಂದ ಅದರ ಬುಡ ಹಿಡಿದುಕೊಂಡಳು.

"ಬೇಡ ಕಣೋ, ಮುಟ್ಟಬೇಡ. ಇನ್ನು ಯಾರೂ ಇದನ್ನ ಅಲ್ಲಾಡಿಸ್ಬೇಡಿ" ಎಂದು ಬಿಕ್ಕಿ ಬಿಕ್ಕಿ ಅತ್ತಳು.